ಪಿಸ್ತೂಲು, ಪುಟ್ಟ ಬೆರಳು ಮತ್ತು ಬೀಗ

ಐದಾರು ವರ್ಷದ ಮಗುವಿನ ಬೆರಳಿಗೆ ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್, ಎಳೆಯುವಷ್ಟು ಬಲವಿದೆಯೆ? ಇಲ್ಲವೆಂದು ನೀವು ಭಾವಿಸಬಹುದು. ಅಮೆರಿಕದ ಅನೇಕ ಮನೆಗಳಲ್ಲಿ ಹಾಸಿಗೆಯ ಪಕ್ಕದಲ್ಲೇ ಕೈಬಂದೂಕು ಇರುತ್ತದೆ. ಹಾಗಾಗಿ ಅಲ್ಲಿನ ಸಂಶೋಧಕರು ಈ ಪ್ರಶ್ನೆಗೆ ಅಳತೆ ಮಾಡಿಯೇ ಉತ್ತರ ಕಂಡುಕೊಂಡಿದ್ದಾರೆ.

ಬಲದ ಲೆಕ್ಕ

ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1887ರ ಸುಮಾರಿಗೆ, ಹಿಡಿಯ ಹಿಂಬದಿಯಲ್ಲಿ ಸನ್ನೆಯೊಂದನ್ನು ಅಳವಡಿಸಿದ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಅಂಗೈ ಈ ಸನ್ನೆಯನ್ನು ಅದುಮಿರುವಾಗ ಕುದುರೆ ಎಳೆದರೆ ಮಾತ್ರ ಗುಂಡು ಹಾರುತ್ತಿತ್ತು. ಪುಟ್ಟ ಕೈಗೆ ಇವೆರಡೂ ಒಟ್ಟಿಗೆ ಆಗದು ಎಂಬುದು ತರ್ಕ.

1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಕ್ಕಳ ಬೆರಳಿನ ಬಲವನ್ನೇ ಅಳೆಯಿತು. ಎರಡು ಬೆರಳು ಬಳಸಿ 10 ಪೌಂಡ್, ಅಂದರೆ ಸುಮಾರು 44 ನ್ಯೂಟನ್ ಬಲ ಹಾಕಬಲ್ಲವರು 3-4 ವರ್ಷದವರಲ್ಲಿ ಶೇ. 25, 5-6 ವರ್ಷದವರಲ್ಲಿ ಶೇ. 70, 7-8 ವರ್ಷದವರಲ್ಲಿ ಶೇ. 90 ಮಂದಿ. ಹೆಚ್ಚಿನ ಕೈಬಂದೂಕುಗಳಿಗೆ ಇಷ್ಟು ಬಲ ಸಾಕು. ಸ್ಪ್ರಿಂಗನ್ನು ಇನ್ನಷ್ಟು ಬಿಗಿ ಮಾಡಿದರೆ ದೊಡ್ಡವರ ಗುರಿಯೂ ತಪ್ಪುತ್ತದೆ. ಬಲವೆಂಬ ಜರಡಿಯಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ಬೇರ್ಪಡಿಸಲಾಗದು.

‘ಖಾಲಿ’ ಪಿಸ್ತೂಲು

ಪಿಸ್ತೂಲಿನ ತೋಟಾಗಳು ಹಿಡಿಯೊಳಗಿನ ಮ್ಯಾಗಜೀನ್‌ನಲ್ಲಿರುತ್ತವೆ. ಅದನ್ನು ಹೊರತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಇದನ್ನು ತಿಳಿಸುವ ಸೂಚಕವಿದ್ದಿದ್ದರೆ, ಪರಿಶೀಲಿಸಿದ ಆಕಸ್ಮಿಕ ಸಾವುಗಳಲ್ಲಿ ಶೇ. 23ನ್ನು ತಪ್ಪಿಸಬಹುದಿತ್ತೆಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1991ರಲ್ಲಿ ಅಂದಾಜಿಸಿತು. ಮ್ಯಾಗಜೀನ್ ತೆಗೆದೊಡನೆ ಗುಂಡು ಹಾರದಂತೆ ತಡೆಯುವ ವ್ಯವಸ್ಥೆಯೂ ಕೆಲವು ಪಿಸ್ತೂಲುಗಳಲ್ಲಿದೆ.

ಬೀಗಗಳು

ಉಕ್ಕಿನ ಹಗ್ಗದ ಬೀಗವನ್ನು ತೋಟಾ ಸಾಗುವ ದಾರಿಯಲ್ಲೇ ತೂರಿಸುತ್ತಾರೆ. ತೋಟಾ ತುಂಬಲು ಜಾಗವೇ ಉಳಿಯುವುದಿಲ್ಲ. ಕುದುರೆಯನ್ನು ಎರಡೂ ಬದಿಯಿಂದ ಕವಿಯುವ ಬೀಗ ಇನ್ನೊಂದು ಬಗೆ. ತುಂಬಿದ ಬಂದೂಕಿಗೆ ಇದನ್ನು ಹಾಕಬಾರದು, ಹಾಕುವಾಗಲೇ ಕುದುರೆ ಅದುಮಿಹೋಗಬಹುದು. 2005ರ ಕಾನೂನಿನಂತೆ ಅಲ್ಲಿನ ಪರವಾನಗಿ ಪಡೆದ ಮಾರಾಟಗಾರರು ಕೈಬಂದೂಕಿನೊಡನೆ ಇಂಥದೊಂದು ಸಾಧನವನ್ನು ಕೊಡಬೇಕು.

ಎಲೆಕ್ಟ್ರಾನಿಕ್ ಸಾಧನಗಳಿಗೂ ಮಿತಿಯಿದೆ. ಜರ್ಮನಿಯ ಆರ್ಮಾಟಿಕ್ಸ್ ಪಿಸ್ತೂಲು, ಜೊತೆಯ ಕೈಗಡಿಯಾರದ ರೇಡಿಯೋ ಸಂಕೇತ ಸಿಕ್ಕರೆ ಮಾತ್ರ ಗುಂಡು ಹಾರಿಸಬೇಕಿತ್ತು. ಪಕ್ಕದಲ್ಲಿ ಅಗ್ಗದ ಅಯಸ್ಕಾಂತಗಳನ್ನಿಟ್ಟು, ಗಡಿಯಾರವಿಲ್ಲದೆಯೇ ಅದನ್ನು ಹಾರಿಸಬಹುದೆಂದು 2017ರಲ್ಲಿ ಒಬ್ಬ ಹ್ಯಾಕರ್ ತೋರಿಸಿದ.

ಬುದ್ಧಿಮಾತು ಸಾಕೆ?

‘ಮುಟ್ಟಬೇಡ’ ಎಂದು ಹೇಳಿಕೊಟ್ಟರೆ ಸಾಲದೆ? 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗುಂಡು ಹಾರದಂತೆ ಮಾರ್ಪಡಿಸಿದ ನಿಜವಾದ ಪಿಸ್ತೂಲನ್ನು ಕೋಣೆಯೊಂದರ ಖಾನೆಯಲ್ಲಿ ಅಡಗಿಸಿಟ್ಟಿದ್ದರು. ಸಾಕಷ್ಟು ಬಲ ಬಿದ್ದರೆ ಅದರೊಳಗಿನ ಪ್ರೇಷಕ ಸಂಕೇತ ಕಳಿಸುತ್ತಿತ್ತು. 8ರಿಂದ 12 ವರ್ಷದ ಹುಡುಗರ 21 ಗುಂಪುಗಳು ಅದನ್ನು ಪತ್ತೆಹಚ್ಚಿದವು. 16 ಗುಂಪುಗಳು ಕೈಗೆತ್ತಿಕೊಂಡವು, 10 ಗುಂಪುಗಳಲ್ಲಿ ಕುದುರೆ ಎಳೆಯಲಾಯಿತು. ಮುಟ್ಟಿದವರಲ್ಲಿ ಹೆಚ್ಚಿನವರಿಗೆ ಬಂದೂಕಿನ ಬಗ್ಗೆ ಮೊದಲೇ ತಿಳಿವಳಿಕೆ ಕೊಡಲಾಗಿತ್ತು!

ತಡೆಗಳ ಗುಣಾಕಾರ

ಹಾಗಾದರೆ ದಾರಿ ಯಾವುದು? ಬಂದೂಕನ್ನು ಖಾಲಿ ಮಾಡುವುದು, ಅದಕ್ಕೆ ಬೀಗ ಹಾಕುವುದು, ತೋಟಾಗಳನ್ನು ಬೇರೆಡೆ ಇಡುವುದು, ಅವಕ್ಕೂ ಬೀಗ ಹಾಕುವುದು. ಈ ನಾಲ್ಕರಲ್ಲಿ ಪ್ರತಿಯೊಂದೂ ಅಪಾಯವನ್ನು ತಗ್ಗಿಸುವುದರೊಂದಿಗೆ ಸಂಬಂಧ ಹೊಂದಿದೆಯೆಂದು 2005ರ ಅಧ್ಯಯನವೊಂದು ಕಂಡುಕೊಂಡಿತು. ಸಂಭವನೀಯತೆಯ ಪಾಠವನ್ನು ನೆನಪಿಸಿಕೊಳ್ಳಿ. ಹತ್ತರಲ್ಲೊಮ್ಮೆ ವಿಫಲವಾಗುವ ಮೂರು ತಡೆಗಳಿದ್ದರೆ, ಮೂರೂ ಒಟ್ಟಿಗೆ ವಿಫಲವಾಗುವುದು ಸಾವಿರಕ್ಕೊಮ್ಮೆ. ಆದರೆ ಒಂದು ಷರತ್ತು: ಅವು ಪರಸ್ಪರ ಸ್ವತಂತ್ರವಾಗಿರಬೇಕು. ಎಲ್ಲ ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿ ಗೋಡೆಯ ಮೊಳೆಗೆ ತೂಗುತ್ತಿದ್ದರೆ, ಮೂರು ತಡೆಗಳಿದ್ದರೂ ಲೆಕ್ಕಕ್ಕೆ ಒಂದೇ.