ವಕೀಲರ ಫೀಸಿಗೆ ಹೆದರಿ ಹಕ್ಕು ಬಿಡಬೇಡಿ

ಕೋರ್ಟು ಉಳ್ಳವರಿಗೆ ಮಾತ್ರ ಎಂಬ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ಸರ್ಕಾರದ ಹೊಣೆಯಾಗಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರಲ್ಲಿ ಜಾರಿಗೆ ಬಂತು. ಅದರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಅರ್ಹರು. (ಇದು ತಿಳಿಯದೆ ಜೀವನಾಂಶದ ಅರ್ಜಿಗೂ ಸಾಲ ಮಾಡುವವರಿದ್ದಾರೆ.) ಬಿಟ್ಟಿ ವಕೀಲರು ಮನಸ್ಸಿಟ್ಟು ವಾದಿಸುತ್ತಾರೆಯೇ ಎಂಬ ಅನುಮಾನ ತಳ್ಳಿಹಾಕುವಂಥದ್ದಲ್ಲ; ಪ್ಯಾನೆಲ್ ವಕೀಲರಿಗೆ ಸಿಗುವ ಗೌರವಧನ ಕಡಿಮೆಯೇ. ಆದರೆ 2022ರ ಯೋಜನೆಯಡಿ ಕ್ರಿಮಿನಲ್ ಪ್ರಕರಣಗಳಿಗೆ, ಖಾಸಗಿ ಕೇಸು ಹಿಡಿಯದ ಪೂರ್ಣಾವಧಿ ವಕೀಲರನ್ನು ನೇಮಿಸಲಾಗುತ್ತಿದೆ. ಸಿವಿಲ್ ಪ್ರಕರಣಗಳಿಗೂ ಈ ಪದ್ಧತಿ ಬರಬೇಕು. ಅಗತ್ಯವಿದ್ದವರು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.