ಬಿಸಿಲಿನ ಮೇಲೆ ಹಾಕಿದ ತಪ್ಪು

ಪಟ್ಟದಕಲ್ಲು ದಾಟಿ ಐಹೊಳೆಯ ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದೆ, ಇಂಜಿನ್ನಿನ ದನಿ ಬದಲಾಯಿತು. ದುಂಡಗೆ ಬರುತ್ತಿದ್ದ ಸದ್ದಿನೊಳಗೆ ಯಾರೋ ಗೆಜ್ಜೆ ಅಲುಗಿಸಿದಂತೆ ಕಿಣಿಕಿಣಿ ಸೇರಿಕೊಂಡಿತು. ಆಕ್ಸಿಲರೇಟರ್ ತಿರುವಿದರೂ ಗಾಡಿ ಎಳೆಯಲಿಲ್ಲ. ಕ್ಲಚ್ ಹಿಡಿದು, ಕೀ ಆಫ್ ಮಾಡಿ, ಹರಿದುಬಂದಷ್ಟು ದೂರ ಬಂದು ಜಾಲಿಮರದ ನೆರಳಿಗೆ ತಳ್ಳಿದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ. ಮರಳುಗಲ್ಲಿನ ಗುಡ್ಡಗಳಿಂದ ಬರುವ ಝಳ ಮುಖಕ್ಕೆ ಹೊಡೆಯುತ್ತಿತ್ತು.

ತಂಗಿಯ ಕುಬುಸದ (ಸೀಮಂತದ) ದಿನ ಹತ್ತಿರ ಬಂದಿತ್ತು. ಬೆಳಿಗ್ಗೆ ಬಾಗಲಕೋಟೆಯಿಂದ ಹೊರಟು ಬಾದಾಮಿಯಲ್ಲಿದ್ದ ಚಿಗವ್ವನಿಗೆ ಹೇಳಿಕೆ ಕೊಟ್ಟು, ಅಲ್ಲಿಂದ ಐಹೊಳೆ, ಅಮೀನಗಡ, ಹುನಗುಂದದ ಮೇಲೆ ಹಾದು ಸಂಜೆಯೊಳಗೆ ಇಳಕಲ್ ಸೇರಿ ಹಸಿರು ಸೀರೆ ಕೊಳ್ಳುವುದು ನನ್ನ ಲೆಕ್ಕ.

ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ನೀರಿನ ಕ್ಯಾನು ಹಿಡಿದು ಬಂದರು. "ತಮ್ಮಾ, ಗಾಡಿ ಕಾದೈತಿ. ಬಿಸಲು ನೋಡು ಹೆಂಗ ಐತಿ. ಅದರ ತಲಿ ಮ್ಯಾಗ ಒಂದೀಟು ನೀರ ಹಾಕು, ತಣ್ಣಗಾಗತೈತಿ."

"ಬ್ಯಾಡ ಅಜ್ಜಾ, ಕಾದಾಗ ನೀರ ಹಾಕಿದ್ರ ಸೀಳತೈತಿ."

"ಹಂಗಾರ ನೀನರ ಕುಡಿ," ಎಂದು ಕ್ಯಾನು ಕೈಗಿಟ್ಟರು.

ಹೆಂಚಿನಂತೆ ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಮೇಲ್ಮೈ ಒಮ್ಮೆಲೇ ಕುಗ್ಗುತ್ತದೆ, ಒಳಗಿನ ಭಾಗ ಹಿಗ್ಗಿಯೇ ಇರುತ್ತದೆ. ಎರಡರ ನಡುವೆ ಬಿರುಕು ಬಿಡಬಹುದು. ಅರ್ಧ ತಾಸು ಸುಮ್ಮನೆ ಕೂಡುವುದಕ್ಕಿಂತ ದೊಡ್ಡ ಉಪಚಾರ ಆ ಹೊತ್ತಿನಲ್ಲಿ ಇಲ್ಲ. ಆದರೆ ಅಜ್ಜ ಹೇಳಿದ ಮೊದಲ ಮಾತು ಮನಸ್ಸಿನಲ್ಲೇ ಉಳಿಯಿತು. ಹಿಂದಿನ ಎರಡು ಬೇಸಿಗೆಯಲ್ಲೂ ಎಲ್ಲರೂ ಅದನ್ನೇ ಹೇಳಿದ್ದರು, ನಾನೂ ನಂಬಿದ್ದೆ: ಬಿಸಿಲಿಗೆ ಕಾಯುತ್ತದೆ, ನಮ್ಮ ಸೀಮೆಯೇ ಹೀಗೆ.

ನೆರಳಲ್ಲಿ ಕೂತು ಲೆಕ್ಕ ಹಾಕಿದೆ. ಗಾಳಿಯಿಂದ ತಣಿಯುವ ಇಂಜಿನ್ನಿನ ಹೆಡ್ಡು ಓಟದಲ್ಲಿ 200 ಡಿಗ್ರಿ ಇದೆ ಎಂದಿಟ್ಟುಕೊಳ್ಳೋಣ. ಡಿಸೆಂಬರಿನ ಬೆಳಗಿನ ಗಾಳಿ 18 ಡಿಗ್ರಿ, ಏಪ್ರಿಲ್ ಮಧ್ಯಾಹ್ನದ್ದು 41. ಲೋಹಕ್ಕೂ ಗಾಳಿಗೂ ಇರುವ ಅಂತರ ಎಷ್ಟೋ, ಇಂಜಿನ್ನಿನ ಮೈಮೇಲಿನ ಫಿನ್ನುಗಳು ಬಿಟ್ಟುಕೊಡುವ ಶಾಖವೂ ಸರಿಸುಮಾರು ಅಷ್ಟಕ್ಕೆ ತಕ್ಕ ಹಾಗೆ. ಚಳಿಗಾಲದಲ್ಲಿ ಅಂತರ 182, ಬೇಸಿಗೆಯಲ್ಲಿ 159. ಅಂದರೆ ಬಿಸಿಲು ಕಸಿದುಕೊಳ್ಳುವುದು ತಣಿಯುವ ಶಕ್ತಿಯಲ್ಲಿ ಎಂಟನೇ ಒಂದು ಪಾಲು. ಇನ್ನೂ ಒಂದು ಮಾತಿದೆ. ಬಿಸಿ ಗಾಳಿ ತೆಳು. ಈ ಎರಡು ಉಷ್ಣತೆಗಳ ನಡುವೆ ನೂರಕ್ಕೆ ಏಳರಷ್ಟು ತೆಳುವಾಗುತ್ತದೆ. ಕಾರ್ಬುರೇಟರಿನ ಜೆಟ್ಟು ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲ್ ಬಿಡುವುದರಿಂದ ಬೇಸಿಗೆಯಲ್ಲಿ ಮಿಶ್ರಣ ತುಸು ಪೆಟ್ರೋಲಿನ ಕಡೆಗೇ ವಾಲುತ್ತದೆ. ಅದು ಇಂಜಿನ್ ಕಾಯಿಸುವ ದಿಕ್ಕಲ್ಲ, ಕಾಯುವುದನ್ನು ತಡೆಯುವ ದಿಕ್ಕು. ಆರೋಗ್ಯವಾಗಿರುವ ಗಾಡಿ ಈ ಎಂಟನೇ ಪಾಲನ್ನು ತಾಳಿಕೊಳ್ಳುತ್ತದೆ. ಮೂವತ್ತು ನಲವತ್ತು ವರ್ಷದ ಹಿಂದೆಯೂ ಇಲ್ಲಿ ಇದೇ ಬಿಸಿಲಿತ್ತು, ಇವೇ ಗಾಡಿಗಳು ಹಿಂದೆ ಇಬ್ಬರನ್ನು ಕೂಡಿಸಿಕೊಂಡು ಬನಶಂಕರಿಗೆ ಹೋಗಿಬರುತ್ತಿದ್ದವು.

ನನ್ನದು 1986ರ ಯೆಜ್ಡಿ ರೋಡ್‌ಕಿಂಗ್. ಈ ಗಾಡಿಯ ವಂಶ ಝೆಕ್ ದೇಶದ್ದು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲ ಎರಡೆರಡು ರೋಮನ್ ಅಕ್ಷರ ಕೂಡಿಸಿ ಜಾವಾ ಎಂದು ಕರೆದ. ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿ 1961ರ ಹೊತ್ತಿಗೆ ಬೈಕು ತಯಾರಿಸತೊಡಗಿದರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಗೇರು. ಕರ್ನಾಟಕದಲ್ಲೇ ಹುಟ್ಟಿದ ಈ ಗಾಡಿಯ ಮೇಲೆ ನನಗಿರುವ ಅಕ್ಕರೆಯನ್ನು ಮುಚ್ಚಿಡಲಾರೆ.

ಇದು ಟೂ ಸ್ಟ್ರೋಕ್. ಪಿಸ್ಟನ್ನಿಗೆ ಬೇರೆ ಎಣ್ಣೆಯ ಏರ್ಪಾಡಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ ಆಯಿಲ್ ಎಷ್ಟು ಒಳಗೆ ಹೋಗುತ್ತದೋ ಅಷ್ಟೇ ಜಿಡ್ಡು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪಿಸ್ಟನ್ನು ಅಲ್ಯೂಮಿನಿಯಂ, ಸಿಲಿಂಡರಿನ ಒಳಗೋಡೆ ಬೀಡುಕಬ್ಬಿಣ. ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡರ ನಡುವಿನ ಸಂದು ತಲೆಗೂದಲಿನ ದಪ್ಪದ ಲೆಕ್ಕದ್ದು. ಆ ಸಂದು ತುಂಬಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಓಡುವ ಗಾಡಿಯ ಹಿಂದಿನ ಗಾಲಿ ಒಮ್ಮೆಲೇ ನಿಂತುಬಿಡುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುವುದು ಇದೇ ಕಾರಣಕ್ಕೆ ಕೆಟ್ಟದ್ದು: ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಬೇಕಾದಷ್ಟು ಹೋಗುತ್ತಿರುವುದಿಲ್ಲ. ಹಳಬರು ಇಳಿಜಾರಿನಲ್ಲಿ ನಡುನಡುವೆ ಆಕ್ಸಿಲರೇಟರ್ ಮಿಡಿಯುತ್ತಿದ್ದುದು ಶೋಕಿಗಲ್ಲ.

ಇಂಜಿನ್ ಸ್ವಲ್ಪ ಆರಿದ ಮೇಲೆ ಟ್ಯಾಂಕಿನ ಮುಚ್ಚಳ ತಿರುವಿದೆ. "ಉಸ್" ಎಂದು ಗಾಳಿ ಒಳಗೆ ನುಗ್ಗಿತು. ಮೊದಲ ಕಳ್ಳ ಸಿಕ್ಕಿದ್ದ. ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದಂತೆ ಅದರ ಜಾಗಕ್ಕೆ ಗಾಳಿ ಬರಬೇಕಾದ ದಾರಿ ಅದು. ಧೂಳು, ಜಿಡ್ಡು ಸೇರಿ ಅದು ಕಟ್ಟಿಕೊಂಡಿತ್ತು. ಕಟ್ಟಿಕೊಂಡರೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ತಗ್ಗಿ ಪೆಟ್ರೋಲ್ ಇಳಿಯಲು ಹಿಂಜರಿಯುತ್ತದೆ. ಊರೊಳಗೆ ಎರಡು ಕಿಲೋಮೀಟರ್ ಸುತ್ತಿದರೆ ಇದು ತಿಳಿಯುವುದೇ ಇಲ್ಲ, ಇಪ್ಪತ್ತು ಮೂವತ್ತು ಕಿಲೋಮೀಟರ್ ಒಂದೇ ಸಮ ಓಡಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಗ್ಯಾರೇಜಿನವರು ಬೀದಿಯ ತುದಿಯವರೆಗೆ ಓಡಿಸಿ "ಎಲ್ಲಾ ಛಲೋ ಐತ್ರಿ" ಎಂದು ಕೈಗೆ ಕೊಟ್ಟಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಜಾಲಿಯ ಮುಳ್ಳಿನಿಂದಲೇ ತೂತು ಬಿಡಿಸಿದೆ.

ಪ್ಲಗ್ ಬಿಚ್ಚಿ ನೋಡಿದೆ. ಸರಿಯಾಗಿ ಉರಿಯುವ ಇಂಜಿನ್ನಿನ ಪ್ಲಗ್ಗಿನ ತುದಿ ಕರದಂಟಿನ ಬೆಲ್ಲದ ಬಣ್ಣಕ್ಕಿರಬೇಕು. ನನ್ನದು ಸುಣ್ಣ ಬಳಿದ ಹಾಗಿತ್ತು. ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮುಚ್ಚಳ ಬಿಡಿಸಿದ ಮೇಲೆ ಗಾಡಿ ನಡೆಯಿತು. ಆದರೂ ಅಮೀನಗಡದಲ್ಲಿ ನಿಲ್ಲಿಸಿ ನೋಡಿದಾಗ ಮೊಣಕಾಲಿಗೆ ಅದೇ ಕಾವು, ಪ್ಲಗ್ಗಿನ ಮೇಲೆ ಅದೇ ಬಿಳುಪು. ಕಳ್ಳರು ಇನ್ನೂ ಇದ್ದರು.

ಹುನಗುಂದದಲ್ಲಿ ಹೆದ್ದಾರಿಯ ಪಕ್ಕ, ತಗಡಿನ ಚಪ್ಪರದ ಕೆಳಗೆ ಕೆಲಸ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆಂದು ಕೇಳಿದ್ದೆ. ಅವರು ಪಾನಾ ಮುಟ್ಟಲಿಲ್ಲ. ಮೊದಲು ಕೇಳಿದರು: "ಊರಾಗ ಓಡಿಸಿದ್ರೂ ಕಾಯತೈತೇನ್ರಿ, ಇಲ್ಲಾ ದೂರ ಹೋದಾಗಷ್ಟನ?"

"ದೂರ ಹೋದಾಗ್ರಿ. ಹೋದ ವರ್ಷ ಬೋರ್ ಮಾಡಿಸಿ ಹೊಸಾ ಪಿಸ್ಟನ್ ಹಾಕ್ಸೀನಿ. ಆದ್ರೂ ಕಾಯತೈತಿ."

"ಬೋರ್ ಯಾಕ ಮಾಡಿಸಿದ್ರಿ?"

ಉತ್ತರ ಇರಲಿಲ್ಲ. ಒಂದು ಗ್ಯಾರೇಜಿನಲ್ಲಿ ಹೇಳಿದ್ದರು, ಮಾಡಿಸಿದ್ದೆ.

ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಹಳೆಯ ಗಾಡಿ ಕಾದರೆ ಮೊದಲು ಬೋರ್ ಮಾಡಿಸುವುದು ತಲೆನೋವಿಗೆ ತಲೆಯನ್ನೇ ಕೊಯ್ದಂತೆ. ಪ್ರತಿ ಸಲ ಸಿಲಿಂಡರನ್ನು ಕೊರೆದು ಅಗಲ ಮಾಡಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುತ್ತಾರೆ. ಸಿಲಿಂಡರಿನ ಗೋಡೆ ಹೀಗೆ ಕೆಲವೇ ಸಲ ತಾಳುತ್ತದೆ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದ ಗಾಡಿಯಲ್ಲಿ ಕಾರಣವಿಲ್ಲದೆ ಕೊರೆಸಿದ ಒಂದೊಂದು ಬೋರೂ ಅದರ ಆಯುಷ್ಯದಿಂದ ಕಳೆದ ಒಂದೊಂದು ತುಂಡು. ಕಾಯುವುದಕ್ಕೆ ಕಾರಣವಾಗಿದ್ದ ದೋಷ ಹೊರಗೆಲ್ಲೋ ಇದ್ದರೆ ಹೊಸ ಪಿಸ್ಟನ್ನೂ ಅದೇ ಶಾಖಕ್ಕೆ ಬಲಿ. ಬಿಗಿಯಾಗಿರುವುದರಿಂದ ಹೊಸತೇ ಬೇಗ ಹಿಡಿದುಕೊಳ್ಳುತ್ತದೆ.

ಮಿಸ್ತ್ರಿ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿದರು. ಒಂದು ಸುತ್ತೂ ಪೂರ್ತಿ ತಿರುಗದೆ ನಿಂತಿತು. ನನ್ನ ಕೈ ಹಿಡಿದು ಡ್ರಮ್ಮಿನ ಮೇಲೆ ಇಟ್ಟರು, ಚುರ್ರೆಂದಿತು. ಬ್ರೇಕಿನ ಲೈನರ್ ಡ್ರಮ್ಮನ್ನು ಸವರುತ್ತಲೇ ಇತ್ತು. ಬಾಗಲಕೋಟೆಯಿಂದ ಅಲ್ಲಿಯವರೆಗೆ ನಾನು ಬ್ರೇಕು ಹಿಡಿದುಕೊಂಡೇ ಬಂದಿದ್ದೆ, ಇಂಜಿನ್ ಅಷ್ಟೂ ದೂರ ಕಾಣದ ಹೇರನ್ನು ಎಳೆದಿತ್ತು. ಬ್ರೇಕಿನ ಕ್ಯಾಮ್ ಬಿಚ್ಚಿ, ತುಕ್ಕು ತಿಕ್ಕಿ, ಗ್ರೀಸು ಹಚ್ಚಿ ಜೋಡಿಸಿದರು.

ಆಮೇಲೆ ಇಂಜಿನ್ ಚಾಲೂ ಮಾಡಿ ನಿಧಾನಕ್ಕೆ ಬಿಟ್ಟು, ಕಾರ್ಬುರೇಟರ್ ಸಿಲಿಂಡರಿಗೆ ಕೂಡುವ ಜಾಗದಲ್ಲಿ ಎಣ್ಣೆಯ ಹನಿ ಬಿಟ್ಟರು. ಹನಿ ಒಳಗೆ ಹೀರಿಹೋಗಿ ಮಾಯವಾಯಿತು, ಇಂಜಿನ್ನಿನ ದನಿ ಒಂದು ಕ್ಷಣ ತಗ್ಗಿ ಮತ್ತೆ ಏರಿತು. "ಇಲ್ಲಿ ನೋಡ್ರಿ," ಎಂದರು. ಕಾರ್ಬುರೇಟರಿನ ಚಪ್ಪಟೆ ಅಂಚನ್ನು ಯಾರೋ ಬಲ ಹಾಕಿ ಬಿಗಿದು ಬಾಗಿಸಿದ್ದರು. ಆ ಬಾಗಿನ ಸಂದಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತಿತ್ತು. ಒಡೆದ ಕನ್ನಡಿಯ ಚೂರಿನ ಮೇಲೆ ಎಮರಿ ಕಾಗದ ಹಾಸಿ, ಎಂಟರ ಆಕಾರದಲ್ಲಿ ತಿಕ್ಕಿ ತಿಕ್ಕಿ ಅಂಚನ್ನು ಮಟ್ಟಸ ಮಾಡಿದರು. ಗ್ಯಾಸ್ಕೆಟ್ ಕಾಗದವನ್ನು ಅದರ ಮೇಲಿಟ್ಟು ಸುತ್ತಿಗೆಯ ದುಂಡು ತುದಿಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ಕುಟ್ಟಿದರೆ ಕಾಗದ ತಾನೇ ಆ ಆಕಾರಕ್ಕೆ ಕತ್ತರಿಸಿಕೊಂಡಿತು. ಕತ್ತರಿ ಬೇಕಾಗಲಿಲ್ಲ. ಈ ಕೈಕೆಲಸವನ್ನು ನಾನು ಮುಕ್ಕಾಲು ತಾಸು ಕಣ್ಣು ಕೀಳದೆ ನೋಡಿದೆ.

ಗಾಳಿ ನುಸುಳಬಹುದಾದ ಇನ್ನೊಂದು ಜಾಗವಾದ ಕ್ರ್ಯಾಂಕಿನ ಆಯಿಲ್ ಸೀಲನ್ನೂ ಪರೀಕ್ಷಿಸಿದರು, ಅದು ಸರಿಯಿತ್ತು. ಪಾಯಿಂಟಿನ ಸಂದನ್ನು ಗೇಜು ಹಾಕಿ 0.4 ಮಿಲಿಮೀಟರಿಗೆ ತಂದರು. ಪಾಯಿಂಟ್ ಸವೆದರೆ ಕಿಡಿಯ ಹೊತ್ತು ತಪ್ಪುತ್ತದೆ, ತಡವಾಗಿ ಹೊತ್ತಿದ ಬೆಂಕಿ ಕೆಲಸ ಮಾಡುವ ಬದಲು ಸೈಲೆನ್ಸರ್ ಕಾಯಿಸುತ್ತದೆ.

ಸೈಲೆನ್ಸರಿನ ಸರದಿ ಬಂದಾಗ ತಪ್ಪು ನನ್ನದೇ ಎಂದು ತಿಳಿಯಿತು. ಒಳಗಿನ ಕೊಳವೆ ಮಸಿಯಿಂದ ಅರ್ಧ ಕಟ್ಟಿತ್ತು. ಪೆಟ್ರೋಲಿಗೆ ಎಷ್ಟು ಎಣ್ಣೆ ಹಾಕುತ್ತೀರಿ ಎಂದು ಕೇಳಿದರು. ಕಾಯುತ್ತದೆಂದು ಹೆದರಿ ಲೀಟರಿಗೆ 60 ಮಿಲಿ ಹಾಕುತ್ತಿದ್ದೆ; ಹಳೆಯ ಲೆಕ್ಕ 40. ಹೆಚ್ಚು ಎಣ್ಣೆ ಹೆಚ್ಚು ರಕ್ಷಣೆ ಎಂದುಕೊಂಡಿದ್ದೆ. ಹೆಚ್ಚಾದ ಎಣ್ಣೆ ಮಸಿಯಾಗಿ ಸೈಲೆನ್ಸರ್ ಕಟ್ಟುತ್ತದೆ, ಸುಟ್ಟ ಹೊಗೆ ಹೊರಗೆ ಹೋಗಲಾರದೆ ಒಳಗೇ ಉಳಿದು ಶಾಖ ಏರಿಸುತ್ತದೆ. ಜೊತೆಗೆ ಜೆಟ್ಟಿನ ಮೂಲಕ ಹೋಗುವ ಹನಿಯಲ್ಲಿ ಎಣ್ಣೆಯ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆ. ಮಿಸ್ತ್ರಿ ಕೊಳವೆಗಳನ್ನು ಎಳೆದು ಬೆಂಕಿಯಲ್ಲಿ ಸುಟ್ಟು, ತಟ್ಟಿ, ತಂತಿ ಬ್ರಶ್ಶಿನಿಂದ ಉಜ್ಜಿದರು. ಕೆಂಪು ನೆಲದ ಮೇಲೆ ಒಂದು ಬೊಗಸೆ ಕರಿ ಬಿತ್ತು.

ಕೊನೆಗೆ ಫಿನ್ನುಗಳ ನಡುವೆ ಕಟ್ಟಿಗೆಯ ಚಕ್ಕೆ ಹಾಕಿ ಕೆರೆದರು. ನಮ್ಮ ಜಿಲ್ಲೆಯ ಮೂರು ನೆಲವೂ ಅಲ್ಲಿ ಪದರ ಪದರವಾಗಿ ಕೂತಿತ್ತು: ಬಾದಾಮಿಯ ಕೆಂಪು ಮರಳು, ಹುನಗುಂದದ ಎರೆಮಣ್ಣು, ಇಳಕಲ್ಲಿನ ಗ್ರಾನೈಟ್ ಲಾರಿಗಳು ಎಬ್ಬಿಸುವ ಕಲ್ಲುಪುಡಿ. ಎರೆಮಣ್ಣು ಮಳೆಗಾಲದಲ್ಲಿ ಒಮ್ಮೆ ಮೆತ್ತಿ ಒಣಗಿದರೆ ಇಟ್ಟಿಗೆಯೇ. ಅದರ ಕೆಳಗೆ, ಬೋರ್ ಮಾಡಿದ ಗ್ಯಾರೇಜಿನಲ್ಲಿ ಚೆಂದಕ್ಕೆಂದು ದಪ್ಪಗೆ ಬಳಿದಿದ್ದ ಬೆಳ್ಳಿ ಬಣ್ಣ. ಶಾಖ ಹೊರಗೆ ಹೋಗಬೇಕಾದ ಮೈಗೆ ನಾವು ಕಂಬಳಿ ಹೊದಿಸಿದ್ದೆವು.

ಒಂದೊಂದಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಇಂಜಿನ್ ನಿಲ್ಲಿಸುವಷ್ಟು ದೊಡ್ಡದಲ್ಲ. ಕಟ್ಟಿದ ತೂತು, ಸವರುವ ಬ್ರೇಕು, ಬಾಗಿದ ಅಂಚು, ಮಸಿ, ಮಣ್ಣು. ಎಲ್ಲವೂ ಸೇರಿ ತಾಳಿಕೆಯ ಅಂಚಿಗೆ ತಂದು ನಿಲ್ಲಿಸಿದ್ದವು. ಬಿಸಿಲು ತನ್ನ ಎಂಟನೇ ಪಾಲನ್ನು ಹಾಕಿ ತಳ್ಳುತ್ತಿತ್ತು. ಕಣ್ಣಿಗೆ ಕಂಡದ್ದು ಬಿಸಿಲು ಮಾತ್ರ. ಅದಕ್ಕೇ ಚಳಿಗಾಲದಲ್ಲಿ ಸುಮ್ಮನಿದ್ದ ಗಾಡಿ ಏಪ್ರಿಲ್‌ನಲ್ಲಿ ಮುನಿಯುತ್ತಿತ್ತು.

ಇಳಕಲ್ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಂಗಡಿಯವರು ಹಸಿರು ಸೀರೆಯನ್ನು ಬಿಡಿಸಿ, ಕೆಂಪು ಸೆರಗಿನ ತೋಪುತೆನಿ ವಿನ್ಯಾಸ ತೋರಿಸಿದರು. ನಾನು ಸೆರಗು ಒಡಲಿಗೆ ಕೂಡುವ ಜಾಗವನ್ನು ಹುಡುಕಿ ಬೆರಳಾಡಿಸಿದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಇಲ್ಲಿನ ನೇಕಾರರ ವಿದ್ಯೆ. ಅಂದು ನನ್ನ ಕಣ್ಣು ಜೋಡಣೆಗಳ ಮೇಲೇ ಬೀಳುತ್ತಿತ್ತು.

ಮರುದಿನ ನಸುಕಿನಲ್ಲೇ ಹೊರಟೆ. ಕಮತಗಿಯ ಹತ್ತಿರ ನಿಲ್ಲಿಸಿ ಕ್ಲಚ್ ಹಿಡಿದು ಕೀ ಆಫ್ ಮಾಡಿದೆ. ಹಿಂದಿನ ಡ್ರಮ್ಮು ಮುಟ್ಟಿದೆ, ತಣ್ಣಗಿತ್ತು. ಮುಚ್ಚಳ ತಿರುವಿದೆ, ಸದ್ದಿಲ್ಲ. ಪ್ಲಗ್ ಬಿಚ್ಚಿ ಅಂಗೈಯಲ್ಲಿ ಹಿಡಿದೆ. ತುದಿಯಲ್ಲಿ ಬೆಲ್ಲದ ಬಣ್ಣ ಏರತೊಡಗಿತ್ತು.