ಹಡಗು ಹತ್ತೋ ಮುಂಚೆ ಅವ್ವನ ಹೆಸರು ಹುಡುಕಿದ್ವಿ

ಅಪ್ಪ-ಅವ್ವನ ಮದುವೆಗೆ 40 ವರ್ಷ ತುಂಬುತ್ತೆ ಅಂತ ನೆನಪಾದ ದಿನವೇ ಬೆಂಗಳೂರಿನ ಆಫೀಸ್ ಕ್ಯಾಂಟೀನ್‌ನಲ್ಲಿ ಕೂತು ಕ್ರೂಸ್ ಹುಡುಕಿದೆ. ಸಿಂಗಾಪುರದಿಂದ ಹೊರಟು, ಮಲೇಷ್ಯಾದ ಪೆನಾಂಗ್ ನೋಡಿ, ಮತ್ತೆ ಸಿಂಗಾಪುರಕ್ಕೆ ವಾಪಸ್. ರಾಣೆಬೆನ್ನೂರಿನ ಚಿಕ್ಕವ್ವ "ನಾನೂ ಬರ್ತೀನಿ" ಅಂದಳು. ನಾಲ್ಕು ಜನಕ್ಕೆ ಮುಂಗಡ ಕಟ್ಟಿ, ಹಾವೇರಿಗೆ ಫೋನ್ ಮಾಡಿದೆ.

"ಟಿಕೆಟ್ ಇರ್ಲಿ ಯವ್ವಾ, ಅದ್ರಾಗ ನನ್ನ ಹೆಸರು ಏನಂತ ಬರಸೀದಿ?" ಅಂದಳು ಅವ್ವ.

ನನಗೆ ನಗು ಬಂತು. ಮುಂದಿನ ಶನಿವಾರ ಮನೆಗೆ ಹೋಗಿ ಟ್ರಂಕ್ ತೆಗೆದಾಗ ಆ ನಗು ನಿಂತಿತು. ಅವ್ವ ಏಳನೇ ಕ್ಲಾಸಿನವರೆಗೆ ಓದಿದ ಬ್ಯಾಡಗಿ ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರಿನ ಕೊನೆಗೆ 'ವ್ವ'. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಮ್ಮ'. ಆಧಾರ್‌ನಲ್ಲಿ ಬರೀ ಒಂದು ಪದ. ಅಡ್ಡಹೆಸರಿಗೆ ನಮ್ಮ ಕಡೆ ಬರ ಇಲ್ಲ; ಊರಿನ ಹೆಸರು, ಕಸುಬಿನ ಹೆಸರು, 'ಮೆಣಸಿನಕಾಯಿ' ಅಂತಲೂ ಇದೆ. ಆದರೆ ಅವ್ವನ ಆಧಾರ್‌ನಲ್ಲಿ ಅದೇ ಇಲ್ಲ. ಹೆಸರು, ಅಡ್ಡಹೆಸರು ಎರಡೂ ಸರಿಯಾಗಿ ಇದ್ದದ್ದು ಪ್ಯಾನ್ ಕಾರ್ಡಿನಲ್ಲಿ ಮಾತ್ರ. ಮೂರು ಪಾಸ್‌ಪೋರ್ಟ್ ರೆಡಿ ಇದ್ದವು. ಅವ್ವನದೊಂದೇ ಇನ್ನೂ ಆಗಬೇಕಿತ್ತು.

ಒಂದೇ ಪದದ ಹೆಸರು ಇದ್ದರೇನಾಯ್ತು ಅಂತ ನಿಮಗೆ ಅನ್ನಿಸಬಹುದು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡೋದಿಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ನಡೆಯುತ್ತೆ ಅಂತ ಆಮೇಲೆ ಸ್ಪಷ್ಟನೆ ಬಂತು. ದುಬೈನಿಂದಲೂ ಕ್ರೂಸ್‌ಗಳು ಹೊರಡುತ್ತವೆ. ಇವತ್ತು ಸಿಂಗಾಪುರ, ನಾಳೆ ದುಬೈ. ಮಾಡಿಸೋದೇ ಆದರೆ ಒಂದೇ ಸಲ ಸರಿಯಾಗಿ ಮಾಡಿಸೋಣ ಅಂದುಕೊಂಡೆ.

ತೊಡಕು ಇದ್ದದ್ದು ಇಲ್ಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಸಲ ಅವಕಾಶ. ಅವ್ವನ ಒಂದು ಅವಕಾಶ ಹಿಂದೆ ಯಾವುದೋ ಸ್ಪೆಲಿಂಗ್‌ಗೆ ಖರ್ಚಾಗಿತ್ತು. ಉಳಿದಿದ್ದು ಒಂದು. ಹಾವೇರಿಯ ಆಧಾರ್ ಕೇಂದ್ರದಲ್ಲಿ ಪ್ಯಾನ್ ಕಾರ್ಡ್ ಕೊಟ್ಟು, ಆಪರೇಟರ್ ಸ್ಕ್ರೀನ್ ನಮ್ಮ ಕಡೆ ತಿರುಗಿಸಿದಾಗ ಒಂದೊಂದೇ ಅಕ್ಷರ ಮೂರು ಸಲ ಓದಿದೆ. ಆಫೀಸಿನಲ್ಲಿ ರಾತ್ರಿ ಹೊತ್ತು ಕೋಡ್ ರಿಲೀಸ್ ಮಾಡುವಾಗಲೂ ಕೈ ಇಷ್ಟು ಬೆವರಿರಲಿಲ್ಲ.

ಆಧಾರ್ ಬಂದ ಮೇಲೆ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡ್ವಿ. ಫೀ 1,500 ರೂಪಾಯಿ. ಅವ್ವನಿಗೆ 60 ದಾಟಿದ್ದರಿಂದ ಶೇ 10 ರಿಯಾಯಿತಿ. ಅಪ್ಪನಿಗೆ ಎರಡು ಚಿಂತೆ. ಒಂದು, ಮನೆ ಮುಂದೆ ಹಂದರ ಹಾಕಿ ಆದ ಮದುವೆ, ರಿಜಿಸ್ಟರ್ ಆಗಿಲ್ಲ. ಆದರೆ 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾದ ಮೇಲೆ ಪಾಸ್‌ಪೋರ್ಟಿಗೆ ಮದುವೆ ಸರ್ಟಿಫಿಕೇಟ್ ಕಡ್ಡಾಯ ಅಲ್ಲ. ಎರಡು, ಶಾಲೆ ಸರ್ಟಿಫಿಕೇಟಿನಲ್ಲಿ ಬ್ಯಾಡಗಿ 'ಧಾರವಾಡ ಜಿಲ್ಲೆ' ಅಂತಿದೆ. ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ! ಕೌಂಟರ್‌ನಲ್ಲಿ ಆ ಬಗ್ಗೆ ಯಾರೂ ಕೇಳಲಿಲ್ಲ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ 'ಇಸಿಆರ್' ವರ್ಗಕ್ಕೆ ಹೋಗುತ್ತೆ, ಆದರೆ 50 ದಾಟಿದವರಿಗೆ ಅದಿಲ್ಲ. ಆ ವರ್ಗಕ್ಕೆ ಹೋದರೂ ಅದು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ್ದು, ಪ್ರವಾಸಕ್ಕೆ ಅಡ್ಡಿ ಮಾಡೋದಿಲ್ಲ.

ಇನ್ನು ವೀಸಾ. ಇಲ್ಲಿ ತಪ್ಪು ತಿಳಿದಿದ್ದು ನಾನೇ. ರಾತ್ರಿ ಮಲಗೋದು ಹಡಗಿನಲ್ಲಿ, ಹಾಗಾಗಿ ಒಂದು ವೀಸಾ ಸಾಕು ಅಂದುಕೊಂಡಿದ್ದೆ. ಹಡಗಿಗೆ ವೀಸಾ ಅಂತ ಇರೋದಿಲ್ಲ, ಅದು ನಿಲ್ಲುವ ಪ್ರತಿ ದೇಶದ ನಿಯಮ ಬೇರೆ. ನಾವು ಸಿಂಗಾಪುರಕ್ಕೆ ಒಮ್ಮೆ ವಿಮಾನದಲ್ಲಿ, ಇನ್ನೊಮ್ಮೆ ಹಡಗಿನಲ್ಲಿ, ಒಟ್ಟು ಎರಡು ಸಲ ಒಳಗೆ ಬರ್ತೀವಿ. ಅದಕ್ಕೇ ವೀಸಾದ ಮೇಲೆ ಮಲ್ಟಿಪಲ್ ಎಂಟ್ರಿ ಅಂತ ಇದೆಯಾ ನೋಡಲೇಬೇಕು. ಅರ್ಜಿಯನ್ನು ಅಧಿಕೃತ ಏಜೆಂಟ್ ಮೂಲಕ ಹಾಕಿದ್ವಿ. ಸರ್ಕಾರಿ ಫೀ 30 ಸಿಂಗಾಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಬರೋದಿಲ್ಲ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ವಿನಾಯಿತಿ ಕೊಟ್ಟಿದೆ. ಅದು ಅವಧಿ ಹಾಕಿ ಕೊಟ್ಟಿದ್ದು, ಬುಕ್ ಮಾಡುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ವೀಸಾ ಕೈಗೆ ಬಂದರೂ ಕೆಲಸ ಮುಗಿಯಲ್ಲ. ಎರಡೂ ದೇಶಕ್ಕೆ ಆನ್‌ಲೈನ್ ಅರೈವಲ್ ಕಾರ್ಡ್ ಇದೆ, ತಲುಪುವ ಮೊದಲಿನ ಮೂರು ದಿನದೊಳಗೆ ತುಂಬಬೇಕು. ಸಿಂಗಾಪುರದ ಕಾರ್ಡ್ ಪುಕ್ಕಟೆ. ದುಡ್ಡು ಕೇಳುವ ನಕಲಿ ಸೈಟ್‌ಗಳಿವೆ, ಹುಷಾರು.

ನಿಮಗೆ ಇಷ್ಟೆಲ್ಲ ಓಡಾಟ ಬೇಡ ಅಂದರೆ ಮುಂಬೈ-ಗೋವಾ ಹಡಗು ಇದೆ. ದೇಶದೊಳಗಿನ ಪ್ರಯಾಣ, ಪಾಸ್‌ಪೋರ್ಟ್ ಬೇಡ, ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಮಾತ್ರ ಪ್ರವೇಶ ಪರ್ಮಿಟ್ ಬೇಕು.

ಅಪ್ಪ-ಅವ್ವನನ್ನು ಕರ್ಕೊಂಡು ಹೋಗುವ ನನ್ನ ವಯಸ್ಸಿನವರಿಗೆ ಹೇಳೋದು ಇಷ್ಟೇ:

• ಆರು ತಿಂಗಳು ಮುಂಚೆ ಮನೆಯ ಟ್ರಂಕ್ ತೆಗೆಯಿರಿ. ಬುಕಿಂಗ್ ಆಮೇಲೆ.
• ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಕ್ರೂಸ್, ವಿಮಾನ ಎರಡರಲ್ಲೂ ಹೆಸರು ಬರೆಸಿ. ನಾನು ಮೊದಲು ಬರೆಸಿದ್ದನ್ನು ತಿದ್ದಿಸಬೇಕಾಯ್ತು.
• ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ.
• ಹಡಗು ನಿಲ್ಲುವ ಊರುಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ವೀಸಾ ನಿಯಮ ಬರೆಯಿರಿ.

ಪೊಲೀಸ್ ವೆರಿಫಿಕೇಷನ್ ಮುಗಿದು ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಬಂದ ದಿನ ಅವ್ವ ವಿಡಿಯೋ ಕಾಲ್ ಮಾಡಿದಳು. ಕನ್ನಡಕ ಹಾಕ್ಕೊಂಡು ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದಿದಳು. "ಕೊನಿಗೆ 'ವ್ವ'ನೂ ಇಲ್ಲ, 'ಮ್ಮ'ನೂ ಇಲ್ಲಲ್ಲ!" ಅಂದಳು. ಪ್ಯಾನ್‌ನಲ್ಲಿ ಇದ್ದ ಹಾಗೇ ಮಾಡಿಸಿದ್ದೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡು, ಎಲ್ಲಾದ್ರಾಗೂ ಒಂದ ಇದ್ರ ಸಾಕು" ಅಂದಳು.

ಬಂದರಿನ ಚೆಕ್-ಇನ್ ಕೌಂಟರ್‌ನ ಹುಡುಗಿ ಆ ಹೆಸರನ್ನು ತನಗೆ ಬಂದ ಹಾಗೆ ಕೂಗಿದಳು. ನನಗೆ ತಕ್ಷಣ ಗೊತ್ತಾಗಲಿಲ್ಲ. ಅವ್ವ ಮಾತ್ರ ಸೆರಗು ಸರಿ ಮಾಡ್ಕೊಂಡು "ಹೌದ್ರಿ, ನಾನ" ಅಂತ ಮುಂದೆ ಹೋದಳು.